ಅಪ್ಪನಿಗೆ ಮಗು ಮಾಡಿಕೊಟ್ಟ ಉಡುಗೊರೆ: ನಾಲ್ಕು ಮಳೆಗಾಲಗಳಲ್ಲಿ ಮಾಡಿ ನೋಡಿದ ಐದು ಬಗೆ

ಶಿರಸಿಯ ಹತ್ತಿರದ ಒಂದು ಚಿಕ್ಕ ಶಿಶುವಿಹಾರದಲ್ಲಿ ಮೂರರಿಂದ ಐದೂವರೆ ವರ್ಷದ ಮಕ್ಕಳ ಜೊತೆ ಕೆಲಸ ಮಾಡುವ ನನಗೆ, ಪ್ರತಿ ವರ್ಷ ಶಾಲೆ ತೆರೆದ ಕೂಡಲೇ ಎದುರಾಗುವ ಮೊದಲ ದೊಡ್ಡ ಕೈಕೆಲಸವೆಂದರೆ ಅಪ್ಪಂದಿರ ದಿನದ ಉಡುಗೊರೆ. ಅಮ್ಮಂದಿರ ದಿನ ಮೇ ತಿಂಗಳ ಎರಡನೆಯ ಭಾನುವಾರ ಬರುವುದರಿಂದ ಅದು ಬೇಸಿಗೆ ರಜೆಯಲ್ಲೇ ಕಳೆದುಹೋಗುತ್ತದೆ. ಅಪ್ಪಂದಿರ ದಿನ ಬರುವುದು ಜೂನ್ ತಿಂಗಳ ಮೂರನೆಯ ಭಾನುವಾರ. ಹೊಸದಾಗಿ ಸೇರಿದ ಮಕ್ಕಳು ಇನ್ನೂ ಗೇಟಿನ ಬಳಿ ತಾಯಿಯ ಸೆರಗು ಬಿಡದೆ ಅಳುತ್ತಿರುವ, ಹೊರಗೆ ಮಳೆ ಹಿಡಿದುಕೊಂಡಿರುವ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಾಲ ಅದು. ಮಗುವಿಗೆ ನಮ್ಮ ಮೇಲೆ ಇನ್ನೂ ನಂಬಿಕೆ ಹುಟ್ಟದಿರುವುದು ಮತ್ತು ಗಾಳಿಯಲ್ಲಿ ತೇವ ತುಂಬಿರುವುದು, ಈ ಎರಡೇ ಸಂಗತಿಗಳು ಯಾವ ಉಡುಗೊರೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಮೊದಲು ನಾನು ಹೀಗೆ ಯೋಚಿಸುತ್ತಿರಲಿಲ್ಲ. 2019ರ ಜೂನ್‌ನಲ್ಲಿ ಐಸ್‌ಕ್ರೀಮ್ ಕಡ್ಡಿಗಳ ಫೋಟೋ ಚೌಕಟ್ಟು ಮಾಡಿಸಿದ್ದೆವು. ಬಿಸಿ ಅಂಟು ಸುರಿಸುವ ಗ್ಲೂ ಗನ್ನನ್ನು ಮಕ್ಕಳ ಕೈಗೆ ಕೊಡುವಂತಿಲ್ಲ. ಆದ್ದರಿಂದ ಮಕ್ಕಳು ಮನೆಗೆ ಹೋದ ಮೇಲೆ ನಾನು ಮತ್ತು ನಮ್ಮ ಸಹಾಯಕಿ ಮೂರು ಸಂಜೆ ಕುಳಿತು 20 ಚೌಕಟ್ಟುಗಳನ್ನು ಅಂಟಿಸಿದೆವು, ಮಕ್ಕಳು ಮರುದಿನ ಅವುಗಳ ಮೇಲೆ ಒಂದೊಂದು ಚಮಕಿ ಹಚ್ಚಿದರು. ಶನಿವಾರ ಗೇಟಿನ ಬಳಿ ಒಬ್ಬ ತಂದೆ ಅದನ್ನು ತಿರುಗಿಸಿ ನೋಡಿ, “ಅಕ್ಕೋರೇ, ಬಹಳ ಚಂದ ಮಾಡಿದ್ದೀರಿ” ಎಂದು ನನಗೆ ಹೇಳಿದರು. ಅವರು ಮನಸಾರೆ ಹೇಳಿದ ಮಾತು ಅದು. ಆದರೆ ಮಾತು ಬರಬೇಕಾಗಿದ್ದದ್ದು ಅವರ ಕಾಲಿನ ಪಕ್ಕದಲ್ಲಿ ನಿಂತಿದ್ದ ಮಗುವಿಗೆ. ಆ ಮಗುವಿಗಾದರೂ 20 ಚೌಕಟ್ಟುಗಳಲ್ಲಿ ತನ್ನದು ಯಾವುದೆಂದು ಗೊತ್ತಿರಲಿಲ್ಲ; ಹಿಂಬದಿಯಲ್ಲಿ ಬರೆದಿದ್ದ ಹೆಸರನ್ನು ಓದಿ ನಾನೇ ಅದನ್ನು ಕೊಟ್ಟಿದ್ದೆ. ಮುಂದಿನ ಎರಡು ಜೂನ್‌ಗಳಲ್ಲಿ ಕೊರೊನಾದಿಂದಾಗಿ ಶಾಲೆ ಮುಚ್ಚಿದ್ದಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. 2022ರಲ್ಲಿ ಮತ್ತೆ ಆರಂಭಿಸುವಾಗ, ಪ್ರತಿ ಉಡುಗೊರೆಯನ್ನೂ ನಾಲ್ಕು ಪ್ರಶ್ನೆಗಳಿಂದ ಅಳೆಯುವುದೆಂದು ನಿಶ್ಚಯಿಸಿದೆ. ಅದರಲ್ಲಿ ಮಗುವಿನ ಕೈ ಎಷ್ಟಿದೆ, ನಮ್ಮ ಮಳೆಯಲ್ಲಿ ಅದು ಉಳಿಯುತ್ತದೆಯೇ, ಮನೆಗೆ ಹೋದ ಮೇಲೆ ಅಪ್ಪ ಅದನ್ನು ಏನು ಮಾಡುತ್ತಾರೆ, ಅಪ್ಪ ಜೊತೆಯಲ್ಲಿಲ್ಲದ ಮಗುವಿಗೂ ಅದು ಒಪ್ಪುತ್ತದೆಯೇ. ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ನಾವು ಮಾಡಿದ ಯಾವುದೂ ಮಗುವೊಂದಕ್ಕೆ 60 ರೂಪಾಯಿ ದಾಟಲಿಲ್ಲ.

ಮೊದಲ ಪ್ರಶ್ನೆಯ ಬಗ್ಗೆ ಇನ್ನಷ್ಟು ಹೇಳಬೇಕು. ಮೂರು ವರ್ಷದ ಹೆಚ್ಚಿನ ಮಕ್ಕಳು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ತೋಳನ್ನು ಆಡಿಸುತ್ತಾರೆ. ಮೂರು ಬೆರಳುಗಳ ಹಿಡಿತ ಬರುವುದು ಸಾಮಾನ್ಯವಾಗಿ ನಾಲ್ಕು ದಾಟಿದ ಮೇಲೆ. ಕತ್ತರಿಯನ್ನು ಕೊಟ್ಟರೆ ಮೂರರ ಮಗು ಕಾಗದದ ಅಂಚನ್ನು ಕಚಕ್ಕೆಂದು ಒಮ್ಮೆ ಕತ್ತರಿಸಿ ನಿಲ್ಲುತ್ತದೆ, ನಾಲ್ಕರ ಮಗು ನೇರ ಗೆರೆಯ ಮೇಲೆ ಸಾಗುತ್ತದೆ, ವೃತ್ತ ಕತ್ತರಿಸುವುದು ಐದರ ಆಸುಪಾಸಿನ ಕೆಲಸ. ಹೀಗಿರುವಾಗ, ಐದರ ಮಗುವಿನ ಕೈಯಲ್ಲಿ ಅದರದ್ದೇ ಆಗಿರುವ ಉಡುಗೊರೆ ಮೂರರ ಮಗುವಿನ ಹೆಸರಿನಲ್ಲಿ ದೊಡ್ಡವರು ಮಾಡಿದ ವಸ್ತುವಾಗಿಬಿಡಬಹುದು. ನಮ್ಮಲ್ಲಿ ಎಲ್ಲ ವಯಸ್ಸಿನವರೂ ಒಂದೇ ಕೋಣೆಯಲ್ಲಿ ಕೂರುವುದರಿಂದ ಈ ವ್ಯತ್ಯಾಸ ನನಗೆ ದಿನವೂ ಕಾಣುತ್ತದೆ.

2022ರಲ್ಲಿ ಮಾಡಿದ್ದು ಅಂಗೈ ಅಚ್ಚಿನ ಕಾರ್ಡು. ಎಲ್ಲರಿಗೂ ತಿಳಿದಿರುವ, ಸುಲಭವೆಂದು ತೋರುವ ಈ ಉಡುಗೊರೆ ನಿಜವಾಗಿ ಅಷ್ಟು ಸುಲಭವಲ್ಲ. ತಣ್ಣನೆಯ ಬಣ್ಣ ತಾಗಿದ ಕೂಡಲೇ ಚಿಕ್ಕ ಮಕ್ಕಳು ಕೈಯನ್ನು ಮುಷ್ಟಿ ಮಾಡುತ್ತಾರೆ. ಕುಂಚದಿಂದ ಹಚ್ಚಿದರೆ ಕಚಗುಳಿಯಾಗಿ ಇನ್ನೂ ಬಿಗಿಯಾಗಿ ಮುಚ್ಚುತ್ತಾರೆ. ಬಣ್ಣವನ್ನು ತಟ್ಟೆಯಲ್ಲಿಟ್ಟ ಸ್ಪಂಜಿಗೆ ಹೀರಿಸಿ, ಮಗು ತಾನೇ ಅದರ ಮೇಲೆ ಕೈ ಊರುವಂತೆ ಮಾಡಿದ ಮೇಲೆ ಈ ತೊಂದರೆ ಬಹಳ ಕಡಿಮೆಯಾಯಿತು. ಇನ್ನೊಂದು ಕೊರತೆಯೆಂದರೆ ಅಂಗೈಯ ನಡುವಿನ ತಗ್ಗು ಕಾಗದಕ್ಕೆ ತಾಗದೆ ಅಚ್ಚಿನ ಮಧ್ಯೆ ಬಿಳಿಯಾಗಿ ಉಳಿಯುವುದು. ಕಾಗದದ ಕೆಳಗೆ ಮಡಿಸಿದ ಟವೆಲ್ ಹಾಸಿದರೆ ಕಾಗದವೇ ಸ್ವಲ್ಪ ಮೇಲೆದ್ದು ಅಂಗೈಯನ್ನು ಮುಟ್ಟುತ್ತದೆ, ರೇಖೆಗಳೂ ಮೂಡುತ್ತವೆ. ಅರ್ಧ ಮಕ್ಕಳಿಗೆ ಪೋಸ್ಟರ್ ಬಣ್ಣ, ಉಳಿದ ಅರ್ಧಕ್ಕೆ ಹಬ್ಬದಲ್ಲಿ ಹಸೆ ಬರೆಯಲು ಮತ್ತು ಗೋಡೆಗೆ ಬಳಿಯಲು ನಮ್ಮ ಕಡೆ ಬಳಸುವ ಕೆಮ್ಮಣ್ಣು ಕೊಟ್ಟು ನೋಡಿದೆ. ಕೆಮ್ಮಣ್ಣಿನ ಅಚ್ಚು ನೋಡಲು ಬಹಳ ಚೆನ್ನಾಗಿತ್ತು, ಕೈಯಿಂದ ಒಂದೇ ತೊಳೆತಕ್ಕೆ ಹೋಗುತ್ತಿತ್ತು. ಆದರೆ ಬರೀ ನೀರಿನಲ್ಲಿ ಕಲಸಿದ್ದು ಒಣಗಿದ ಮೇಲೆ ಪುಡಿಯಾಗಿ ಉದುರತೊಡಗಿತು. ಕಲಸುವಾಗ ಸ್ವಲ್ಪ ಗೋಂದು ಸೇರಿಸಿದ ಮೇಲೆ ನಿಂತಿತು.

ಈ ಕಾರ್ಡಿನಲ್ಲಿ ಮಗುವಿನ ಕೈ ಅಕ್ಷರಶಃ ಇದೆ, ಆದರೆ ಮಗುವಿನ ಕೆಲಸ ಕಡಿಮೆ. ಒಂದು ಕ್ಷಣ ಕೈ ಊರಿ ತೆಗೆಯುವುದಷ್ಟೇ. ಬಣ್ಣ ಆರಿಸುವುದನ್ನು ಬಿಟ್ಟರೆ ಅಲ್ಲಿ ಮಗು ನಿರ್ಧರಿಸುವಂಥದ್ದು ಏನೂ ಇಲ್ಲ. ಮೂವರು ಮಕ್ಕಳು ಕೈಗೆ ಬಣ್ಣ ತಾಗಿಸಿಕೊಳ್ಳಲು ಒಪ್ಪಲೇ ಇಲ್ಲ, ಅವರಲ್ಲಿ ಒಬ್ಬಳ ಮಣಿಕಟ್ಟನ್ನು ನಾನು ಹಿಡಿದು ಊರಿಸಿದೆ, ಅವಳು ಅತ್ತಳು. ಅದನ್ನು ನಾನು ಮಾಡಬಾರದಾಗಿತ್ತು. ಅಪ್ಪನಿಗೆಂದು ಮಾಡುವ ಉಡುಗೊರೆಯಲ್ಲಿ ಮಗುವಿನ ಅಳು ಸೇರಬಾರದು. ಆ ಮೇಲೆ ಒಪ್ಪದ ಮಕ್ಕಳಿಗೆ ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಬಳಪದಿಂದ ಗೆರೆ ಎಳೆಯುವ ದಾರಿಯನ್ನು ಕೊಟ್ಟಿದ್ದೇನೆ. ಇಷ್ಟಾದರೂ ಅಪ್ಪಂದಿರ ಮನಸ್ಸನ್ನು ಇದರಷ್ಟು ಮುಟ್ಟಿದ ಉಡುಗೊರೆ ಬೇರೆಯಿಲ್ಲ ಎಂಬುದನ್ನೂ ಹೇಳಬೇಕು. ಮೂರು ವರ್ಷ ಕಳೆದ ಮೇಲೂ ಒಬ್ಬರು ಅದನ್ನು ಅಡಿಗೆಮನೆಯ ಬಾಗಿಲಿಗೆ ಅಂಟಿಸಿಟ್ಟು, ಪ್ರತಿ ಹುಟ್ಟುಹಬ್ಬದಂದು ಮಗನ ಕೈಯನ್ನು ಅದರ ಮೇಲಿಟ್ಟು ನೋಡುತ್ತಾರೆ.

2023ರಲ್ಲಿ ಉಪ್ಪುಹಿಟ್ಟಿನ ಬಿಲ್ಲೆಗಳನ್ನು ಮಾಡಿದೆವು. ಎರಡು ಅಳತೆ ಮೈದಾ, ಒಂದು ಅಳತೆ ಪುಡಿ ಉಪ್ಪು, ಒಂದಕ್ಕಿಂತ ತುಸು ಕಡಿಮೆ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಲೋಟದ ಬಾಯಿಯಿಂದ ಬಿಲ್ಲೆ ಕತ್ತರಿಸಿ, ಅದರ ಮೇಲೆ ಎಲೆಯ ನರಗಳನ್ನೋ ಬೆರಳ ಗುರುತನ್ನೋ ಒತ್ತಿ, ಸ್ಟ್ರಾದಿಂದ ಒಂದು ತೂತು ಮಾಡಿ ದಾರ ಕಟ್ಟುವುದು. ಮಗುವಿನ ಪಾಲನ್ನು ನೋಡಿದರೆ ಇದಕ್ಕೆ ಸಮನಾದದ್ದು ಕಡಿಮೆ, ಏಕೆಂದರೆ ನಾದುವುದರಿಂದ ಒತ್ತುವವರೆಗೆ ಎಲ್ಲವನ್ನೂ ಮೂರರ ಮಗುವೂ ಮಾಡಬಲ್ಲದು, ಅಳುತ್ತಿದ್ದ ಮಕ್ಕಳು ಹಿಟ್ಟು ಕೈಗೆ ಸಿಕ್ಕಿದ ಕೂಡಲೇ ಸುಮ್ಮನಾದರು. ಆ ವರ್ಷ ಮುಂಗಾರು ತಡವಾಗಿ, ಜೂನ್ 8ಕ್ಕೆ ಕೇರಳ ಮುಟ್ಟಿತ್ತು. ನಮಗೆ ಮೂರು ಒಳ್ಳೆಯ ಬಿಸಿಲು ಸಿಕ್ಕಿ ಬಿಲ್ಲೆಗಳು ಕಲ್ಲಿನಂತೆ ಒಣಗಿದವು. ಇದೇ ಎಲ್ಲಕ್ಕಿಂತ ಉತ್ತಮವೆಂದು ನಾನು ಬರೆದಿಟ್ಟುಕೊಂಡೆ. ಜುಲೈ ಕೊನೆಯ ಹೊತ್ತಿಗೆ ಒಬ್ಬೊಬ್ಬರೇ ತಾಯಂದಿರು ಬಂದು, ಬಿಲ್ಲೆ ಬೆವರುತ್ತಿದೆ, ಮೆತ್ತಗಾಗಿದೆ, ದಾರದ ತೂತು ಹರಿದು ಬಿತ್ತು ಎನ್ನತೊಡಗಿದರು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರಾಡುವುದನ್ನು ನೋಡುತ್ತಲೇ ಬೆಳೆದ ನನಗೆ ಅದು ಮೊದಲೇ ಹೊಳೆಯಬೇಕಾಗಿತ್ತು. 2024ರಲ್ಲಿ ಮುಂಗಾರು ಮೇ 30ಕ್ಕೇ ಕೇರಳಕ್ಕೆ ಬಂದಿತು, ಆ ಸಲ ಬಿಲ್ಲೆಗಳು ಒಣಗಲೇ ಇಲ್ಲ. ಎರಡೂ ಬದಿಗೆ ವಾರ್ನಿಷ್ ಹಚ್ಚಿದರೆ ತೇವ ತಡೆಯಬಹುದು, ಆದರೆ ಮೊದಲು ಒಳಗಿನವರೆಗೆ ಒಣಗದೆ ವಾರ್ನಿಷ್ ಹಚ್ಚುವುದು ವ್ಯರ್ಥ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಶಿಕ್ಷಕಿಯರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಘಟ್ಟದ ಮೇಲಿನ ನಮಗೂ ಕರಾವಳಿಯವರಿಗೂ ಜೂನ್‌ನಲ್ಲಿ ಇದು ಬೇಡ.

ಆ 2024ರಲ್ಲಿ ಹಿಟ್ಟು ಕೈಕೊಟ್ಟಾಗ, ಜೂನ್ 16ರ ಭಾನುವಾರಕ್ಕೆ ನಾಲ್ಕು ದಿನ ಮಾತ್ರ ಉಳಿದಿದ್ದಾಗ, ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಮೇಣದ ಬಳಪದಿಂದ ಅಪ್ಪನ ಚಿತ್ರ ಬರೆಸಿದೆವು. ಹಾಳೆಯ ಉದ್ದನೆಯ ಗೆರೆಗಳ ಮೇಲೆ ಬಳಪ ಉಜ್ಜಿದಾಗ ತಾನಾಗಿಯೇ ಒಂದು ನೇಯ್ಗೆಯಂಥ ಮೇಲ್ಮೈ ಬರುತ್ತದೆ, ಒಣಗಿಸುವ ಪ್ರಶ್ನೆಯೇ ಇಲ್ಲ. ನಾಲ್ಕರ ಆಸುಪಾಸಿನ ಮಕ್ಕಳು ದೊಡ್ಡದೊಂದು ತಲೆ ಬರೆದು ಅದರಿಂದಲೇ ನೇರವಾಗಿ ಎರಡು ಕಾಲು ಇಳಿಸುತ್ತಾರೆ, ಹೊಟ್ಟೆ ಇರುವುದಿಲ್ಲ. ಅದನ್ನು ತಿದ್ದಬಾರದೆಂದು ನಾನು ಸಹಾಯಕಿಗೂ ಹೇಳಿದ್ದೆ. ಆಗಸ್ಟ್ ಹೊತ್ತಿಗೆ ಸುಮಾರು ಅರ್ಧ ತಟ್ಟೆಗಳಿಗೆ ಬೂಷ್ಟು ಹಿಡಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಟ್ಟವರ ಮನೆಯಲ್ಲಿ ಮಾತ್ರ ಉಳಿದವು. ತುರ್ತಿಗೆ ಒಳ್ಳೆಯದು, ಅಷ್ಟೇ.

2025ರಲ್ಲಿ ಮಕ್ಕಳನ್ನು ಎರಡು ಗುಂಪು ಮಾಡಿ, ಎರಡರಲ್ಲೂ ಚಿಕ್ಕವರು ದೊಡ್ಡವರು ಇರುವಂತೆ ನೋಡಿಕೊಂಡು, ಒಂದು ಗುಂಪಿಗೆ ಪೋಣಿಸಿ ಕೀಚೈನ್ ಮಾಡಲು ಮಣಿ, ಇನ್ನೊಂದಕ್ಕೆ ಅಚ್ಚೊತ್ತಲು ಕರ್ಚೀಫ್ ಕೊಟ್ಟೆ. ಮಣಿಗಳನ್ನು ಚನ್ನಪಟ್ಟಣದಿಂದ ತರಿಸಿದ್ದೆ. ಅಲ್ಲಿ ಆಲೆ ಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದು, ಉಜ್ಜುವ ಬಿಸಿಗೆ ಅದು ಕರಗಿ ಹತ್ತುವಂತೆ ಮಾಡುತ್ತಾರೆ. ಆದ್ದರಿಂದ ಬಣ್ಣ ಕೈಗೆ ಬಿಡುವುದಿಲ್ಲ, ಮಳೆಗೂ ಜಗ್ಗುವುದಿಲ್ಲ. ಚಿಕ್ಕ ಮಣಿಗಳನ್ನು ಮೂರರ ಮಕ್ಕಳು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ದೊಡ್ಡ ನೆಲ್ಲಿಕಾಯಿಗಿಂತ ಸಣ್ಣದು ಬೇಡವೆಂದು ಹೇಳಿ ತರಿಸಿದ್ದೆ, ಆದರೂ ಪೋಣಿಸುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲೇ ಕೂರಬೇಕಾಯಿತು. ಒಂದು ಕೈಯಲ್ಲಿ ಮಣಿ, ಇನ್ನೊಂದರಲ್ಲಿ ದಾರ, ಎರಡನ್ನೂ ಎದುರುಬದುರು ತಂದು ತೂತಿಗೆ ಸೇರಿಸುವುದು ಐದರ ಮಕ್ಕಳಿಗೆ ಹತ್ತು ನಿಮಿಷದ ಸಂತೋಷವಾದರೆ ಮೂರರ ಮಕ್ಕಳಿಗೆ ಮೂರು ದಿನದ ಹೋರಾಟ. ಕೊನೆಯ ಗಂಟು ಮತ್ತು ಕಬ್ಬಿಣದ ಬಳೆ ಎಲ್ಲರಿಗೂ ನಮ್ಮ ಕೈಯದ್ದೇ. ಆದರೆ ಆರಿಸುವ ಕೆಲಸ ಪೂರ್ತಿಯಾಗಿ ಮಗುವಿನದು, ಅದೇ ಇದರ ಗುಣ. ಒಂದು ಹುಡುಗಿ ನಾಲ್ಕೂ ಮಣಿಗಳನ್ನು ಕೆಂಪೇ ಆರಿಸಿದಾಗ, ಬೇರೆ ಬಣ್ಣವನ್ನೂ ಹಾಕು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು, “ಅಪ್ಪನ ಬೈಕು ಕೆಂಪು” ಎಂದಳು. ಗುಂಪಿನ ಒಂಬತ್ತು ಅಪ್ಪಂದಿರಲ್ಲಿ ಏಳು ಜನ ಅದನ್ನು ಇಂದಿಗೂ ಬೈಕಿನ ಕೀಗೆ ಹಾಕಿಕೊಂಡಿದ್ದಾರೆ.

ಕರ್ಚೀಫಿನ ಕಥೆ ಇನ್ನೂ ದೊಡ್ಡದು. ಬಿಳಿ ಹತ್ತಿಯ ಕರ್ಚೀಫಿನ ಮೇಲೆ ತರಕಾರಿಯಿಂದ ಅಚ್ಚೊತ್ತುವುದು ಎಂದಷ್ಟೇ ಹೇಳಿದರೆ ಸಾಧಾರಣವೆನಿಸುತ್ತದೆ, ಆದರೆ ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಮೂರರ ಮಗುವಿನ ಕೈಗೆ ಕೊಟ್ಟು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ತೊಟ್ಟಿನ ಕಡೆಯ ಅರ್ಧವು ಮುಷ್ಟಿಗೆ ಸರಿಯಾಗಿ ಕೂರುವ ಹಿಡಿಕೆ. ಆ ವಯಸ್ಸಿನ ಕೈ ಯಾವ ಹಿಡಿತವನ್ನು ಬಲ್ಲದೋ ಅದೇ ಹಿಡಿತಕ್ಕೆ ಮಾಡಿಟ್ಟಂತಿರುತ್ತದೆ. ಕೆಳಗೆ ಐದು ಎಸಳಿನ ಹೂವು ಸಿದ್ಧವಾಗಿದೆ, ನಾವು ಕೆತ್ತಬೇಕಾದ್ದು ಏನೂ ಇಲ್ಲ. ಹಾಗಲಕಾಯಿಯ ಬಿಲ್ಲೆ ಮುಳ್ಳುಮುಳ್ಳಾದ ಬಳೆಯನ್ನೂ, ಬಾಳೆದಿಂಡು ಸುತ್ತುಸುತ್ತಾದ ವೃತ್ತಗಳನ್ನೂ ಮೂಡಿಸುತ್ತವೆ. ಆಲೂಗಡ್ಡೆಯಲ್ಲಿ ಆಕಾರ ಕೆತ್ತಲು ನಾವೇ ಚಾಕು ಹಿಡಿಯಬೇಕಾದ್ದರಿಂದ ಅದನ್ನು ಬಿಟ್ಟೆ.

ಇಲ್ಲಿ ನಾನು ಕಲಿತ ಕೆಲವು ಸಂಗತಿಗಳಿವೆ. ಹೊಸ ಕರ್ಚೀಫಿನಲ್ಲಿ ಗಂಜಿ ಇರುತ್ತದೆ, ಒಮ್ಮೆ ಒಗೆದು ಒಣಗಿಸದಿದ್ದರೆ ಬಣ್ಣ ನೂಲಿಗೆ ಇಳಿಯದೆ ಮೇಲೆ ಕೂತು ನಂತರ ಬಿಟ್ಟುಹೋಗುತ್ತದೆ. ಆಗ ತಾನೇ ಕತ್ತರಿಸಿದ ಬೆಂಡೆಕಾಯಿಯ ಲೋಳೆಯ ಮೇಲೆ ಬಣ್ಣ ಜಾರುತ್ತದೆ, ಹಿಂದಿನ ಸಂಜೆ ಕತ್ತರಿಸಿಟ್ಟರೆ ಮುಖ ಒಣಗಿ ಅಚ್ಚು ಸ್ಪಷ್ಟವಾಗುತ್ತದೆ. ಫ್ಯಾಬ್ರಿಕ್ ಬಣ್ಣವನ್ನು ಬಟ್ಟಲಲ್ಲಿ ಕೊಟ್ಟರೆ ಮಕ್ಕಳು ಅದ್ದಿ ತೆಗೆದು ಮುದ್ದೆ ಬೀಳಿಸುತ್ತಾರೆ, ಅಂಗೈ ಅಚ್ಚಿಗೆ ಬಳಸಿದ ಸ್ಪಂಜಿನ ತಟ್ಟೆಯೇ ಇಲ್ಲಿಗೂ ಸರಿ. ಬಟ್ಟೆಯ ನಾಲ್ಕು ಮೂಲೆಯನ್ನು ರಟ್ಟಿಗೆ ಅಂಟುಪಟ್ಟಿಯಿಂದ ಹಿಡಿಸಿ, ನಡುವೆ ಒಂದು ಹಳೆಯ ಪತ್ರಿಕೆ ಇಡಬೇಕು. ಬಿಸಿಲಿನಲ್ಲಿ ಒಂದು ದಿನ ಸಾಕಾದರೆ ನಮ್ಮಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬೇಕಾಯಿತು, ಅದಾದ ಮೇಲೆ ಹಿಂಬದಿಯಿಂದ ಕೆಲವು ನಿಮಿಷ ಇಸ್ತ್ರಿ ಹಾಕಿದರೆ ಬಣ್ಣ ನಿಲ್ಲುತ್ತದೆ. ಮುಂಗಾರು ಮೇ 24ಕ್ಕೇ ಕೇರಳ ತಲುಪಿದ್ದ 2025ರಂಥ ವರ್ಷದಲ್ಲೂ ಇದು ಕೈಕೊಡಲಿಲ್ಲ ಎಂಬುದು ನನಗೆ ಮುಖ್ಯ. ದೊಡ್ಡವರ ಪಾಲು ಒಗೆಯುವುದು, ಕತ್ತರಿಸುವುದು, ಇಸ್ತ್ರಿ ಮಾಡುವುದು, ಇಷ್ಟೇ. ಬಟ್ಟೆಯ ಮೇಲೆ ಬಿದ್ದ ಪ್ರತಿ ಗುರುತೂ ಮಗುವಿನದು. ಹನ್ನೊಂದು ಕರ್ಚೀಫುಗಳನ್ನು ದಾರದ ಮೇಲೆ ತೂಗುಹಾಕಿದಾಗ ಒಂದರಂತೆ ಇನ್ನೊಂದಿರಲಿಲ್ಲ, ಪ್ರತಿ ಮಗುವೂ ದೂರದಿಂದಲೇ ಬೆರಳು ತೋರಿಸಿ ತನ್ನದನ್ನು ಹೇಳಿತು. 2019ರ ಚೌಕಟ್ಟುಗಳ ನೆನಪಿದ್ದ ನನಗೆ ಅಷ್ಟು ಸಾಕಾಗಿತ್ತು.

ಒಬ್ಬ ಹುಡುಗ ತನ್ನದನ್ನು ಪೂರ್ತಿ ನೀಲಿ ಹೂಗಳಿಂದ ತುಂಬಿಸಿದ. ಜೂನ್ ಎಂದರೆ ನಮ್ಮ ಕಡೆ ಅಡಿಕೆಗೆ ಕೊಳೆ ರೋಗ ಬಾರದಂತೆ ಮದ್ದು ಹೊಡೆಯುವ ಕಾಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದಲ್ಲಿ ತೋಟಿಗರ ಅಂಗಿ, ಕೈ, ಕೂದಲು ಎಲ್ಲ ನೀಲಿಯಾಗಿರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಮುಗಿಸಬೇಕಾದ ಕೆಲಸವಾದ್ದರಿಂದ ಅಪ್ಪಂದಿರು ಆ ವಾರಗಳಲ್ಲಿ ಮಕ್ಕಳಿಗೆ ಸಿಗುವುದೇ ಕಡಿಮೆ. “ನನ್ನ ಅಪ್ಪನ ಅಂಗಿ ಹೀಗೇ ಇರ್ತದೆ” ಎಂದ ಆ ಹುಡುಗ. ಅವನ ತಂದೆ ಡಿಸೆಂಬರಿನ ಪೋಷಕರ ಸಭೆಗೆ ಬಂದಾಗ ಮುಖ ಒರೆಸಿಕೊಳ್ಳಲು ಕಿಸೆಯಿಂದ ತೆಗೆದದ್ದು ಅದೇ ಕರ್ಚೀಫ್. ಹೂಗಳು ಸ್ವಲ್ಪ ಮಾಸಿದ್ದವು, ಅಂಚು ಸವೆದಿತ್ತು. ಇನ್ನು ಮೂವರು ಅಪ್ಪಂದಿರು ಹಾಳಾದೀತೆಂದು ಅದನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅವರ ಮಕ್ಕಳು “ಅಪ್ಪ ತಗೊಂಡು ಹೋಗೋದೇ ಇಲ್ಲ” ಎಂದು ನನ್ನ ಬಳಿ ಹೇಳಿಕೊಂಡಾಗಿನಿಂದ, ಕೊಡುವಾಗಲೇ ಅಪ್ಪಂದಿರಿಗೆ ದಯವಿಟ್ಟು ಬಳಸಿ ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕೆಂದಿದ್ದೇನೆ.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಈ ನಾಲ್ಕು ವರ್ಷಗಳಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಇಬ್ಬರು, ತಂದೆ ಬೇರೆಯಾಗಿದ್ದ ಒಬ್ಬಳು, ತಂದೆ ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದ ಹಲವರು ನಮ್ಮಲ್ಲಿದ್ದರು. ಈ ದಿನದ ಮೂಲವೇ ಒಬ್ಬರಿಲ್ಲದ ಮನೆಯಲ್ಲಿದೆ. ಹೆಂಡತಿ ತೀರಿಕೊಂಡ ಮೇಲೆ ಆರು ಮಕ್ಕಳನ್ನು ಒಬ್ಬರೇ ಬೆಳೆಸಿದ ತಂದೆಯ ಗೌರವಕ್ಕಾಗಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಗಳು ಅಮೆರಿಕದ ಸ್ಪೋಕೇನ್ ಊರಿನಲ್ಲಿ 1910ರ ಜೂನ್ 19ರಂದು ಇದನ್ನು ಮೊದಲ ಬಾರಿ ಆಚರಿಸುವಂತೆ ಮಾಡಿದರು. ಆದ್ದರಿಂದ ಮಗುವನ್ನು ಯಾರು ಸಾಕುತ್ತಿದ್ದಾರೋ ಅವರಿಗೆ ಉಡುಗೊರೆ ಸಲ್ಲುವುದರಲ್ಲಿ ತಪ್ಪೇನೂ ಇಲ್ಲವೆಂದು ನನ್ನ ತಿಳಿವಳಿಕೆ. ಕೆಲಸ ಆರಂಭಿಸುವ ಮೊದಲೇ ಅಂಥ ಮಕ್ಕಳ ತಾಯಂದಿರಿಗೆ ಫೋನ್ ಮಾಡಿ ಕೇಳುತ್ತೇನೆ. ಒಬ್ಬ ಮಗು ಅಜ್ಜನಿಗೆ, ಇನ್ನೊಬ್ಬ ಸೋದರಮಾವನಿಗೆ, ಒಬ್ಬಳು ತಾಯಿಗೇ ಮಾಡಿದ್ದುಂಟು. ಇಲ್ಲಿ ಕರ್ಚೀಫ್ ಮತ್ತು ಮಣಿಗಳಿಗೆ ಯಾವ ತೊಡಕೂ ಇಲ್ಲ, ಅವು ಯಾರ ಕಿಸೆಯಲ್ಲಾದರೂ ಇರಬಲ್ಲವು. 2022ರ ಕಾರ್ಡಿನ ಮುಖದ ಮೇಲೆ ನಾನು ಮೊದಲೇ “ಅಪ್ಪ” ಎಂದು ಅಚ್ಚು ಹಾಕಿಸಿಬಿಟ್ಟಿದ್ದೆ. ತಂದೆಯಿಲ್ಲದ ಮಗುವಿಗೆ ಅದು ಒಪ್ಪಲಿಲ್ಲ. ಮನೆಯಲ್ಲಿ “ಅಬ್ಬಾ” ಎಂದೋ “ಪಪ್ಪಾ” ಎಂದೋ ಕರೆಯುವ ಮಕ್ಕಳಿಗೂ ಒಪ್ಪಲಿಲ್ಲ. ದೂರದಲ್ಲಿರುವ ಅಪ್ಪನಿಗಾದರೆ ಕಾರ್ಡೇ ಮೇಲು, ಏಕೆಂದರೆ ಅದು ಅಂಚೆಯ ಲಕೋಟೆಯಲ್ಲಿ ಹೋಗುತ್ತದೆ, ಅಷ್ಟು ದೂರದವರಿಗೆ ಮಗುವಿನ ಕೈಯ ಅಳತೆಯೇ ಬೇಕಾದ ಸುದ್ದಿ.

ಯಾವ ಉಡುಗೊರೆಯ ಜೊತೆಗೂ ಮಗು ಹೇಳಿದ ಎರಡು ಮೂರು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಡುವುದನ್ನು ನಾನು ಈಗ ಬಿಡುವುದಿಲ್ಲ. ಮೊದಲೆಲ್ಲ ನಾನೇ ನಾಲ್ಕು ಸಾಲಿನ ಪದ್ಯ ಕಟ್ಟಿ ಎಲ್ಲರ ಕಾರ್ಡಿಗೂ ಅದನ್ನೇ ಬರೆಯುತ್ತಿದ್ದೆ, ಅದೂ ಚೌಕಟ್ಟಿನಂಥದ್ದೇ ತಪ್ಪು. ಈಗ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಮಗು ಆಡಿದ ಹಾಗೆಯೇ, ವ್ಯಾಕರಣ ತಿದ್ದದೆ ಬರೆಯುತ್ತೇನೆ. “ಅಪ್ಪ ರಾತ್ರಿ ಬಂದು ನಾನು ಮಲಗಿದ್ರೂ ಹೊದಿಕೆ ಸರಿ ಮಾಡ್ತಾನೆ, ನಂಗೆ ಗೊತ್ತಾಗ್ತದೆ” ಎಂದು ಒಬ್ಬಳು ಬರೆಸಿದ್ದಳು.

ಹೀಗಾಗಿ ನನ್ನ ಆಯ್ಕೆ ಈಗ ಇಷ್ಟಕ್ಕೆ ಬಂದು ನಿಂತಿದೆ. ಮೂರು, ನಾಲ್ಕರ ಮಕ್ಕಳಿಗೆ ಬೆಂಡೆಕಾಯಿಯ ಕರ್ಚೀಫ್, ಐದರವರು ಬಯಸಿದರೆ ಮಣಿ, ಅಪ್ಪ ದೂರವಿದ್ದವರಿಗೆ ಹೆಸರು ಅಚ್ಚಾಗದ ಖಾಲಿ ಕಾರ್ಡಿನ ಮೇಲೆ ಅಂಗೈ. 2026ರಲ್ಲಿ ಜೂನ್ ಮೂರನೆಯ ಭಾನುವಾರ 21ರಂದು ಬರುತ್ತದೆ, ಅದು ಆ ದಿನ ಬರಬಹುದಾದ ಕಟ್ಟಕಡೆಯ ತಾರೀಖು; 2025ಕ್ಕಿಂತ ಆರು ದಿನ ಹೆಚ್ಚು ಸಿಗುತ್ತದೆ. ಆ ಆರು ದಿನಗಳಲ್ಲಿ ಮಕ್ಕಳಿಗೆ ಮೊದಲು ಹಳೆಯ ಪಂಚೆಯ ತುಂಡಿನ ಮೇಲೆ ಬೇಕಾದಷ್ಟು ಅಚ್ಚೊತ್ತಲು ಬಿಡಬೇಕೆಂದಿದ್ದೇನೆ, ಕರ್ಚೀಫುಗಳನ್ನು ಮೇ ಕೊನೆಯಲ್ಲೇ ತಂದು, ಬಿಸಿಲು ಇರುವಾಗಲೇ ಗಂಜಿ ಹೋಗುವಂತೆ ಒಗೆದು ಒಣಗಿಸಿಟ್ಟುಕೊಳ್ಳುತ್ತೇನೆ.